ಉಳಿದ ಕಾರು ಎಲ್ಲಿ?

ಮಿಲ್ಲಿನ ಭೋಂಗಾ ಕೂಗಿದರೆ ಕಲಬುರಗಿಯ ಬ್ರಹ್ಮಪುರದ ಹೆಂಗಸರು ಒಲೆಯ ಮೇಲಿನ ಬೇಳೆ ಇಳಿಸುತ್ತಿದ್ದರು. ಓಣಿಗೆಲ್ಲ ಅದೇ ಗಡಿಯಾರ. ಆ ದಿನ ಶಿವಕಾಂತಮ್ಮ ಬೇಳೆ ಇಳಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಭೋಂಗಾ ಮತ್ತೊಮ್ಮೆ ಕೂಗಿತು. ಈ ಸಲ ಮಿಲ್ಲಿನ ಕಡೆಯಿಂದಲ್ಲ, ಓಣಿಯ ತಿರುವಿನಿಂದ. ಕೂಗಿದ್ದು ನಿಲ್ಲಲೂ ಇಲ್ಲ. ಎದುರು ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಹೊರಟಿತು. ಅದರ ಹಿಂದೆ ಎಮ್ಮೆಯ ಮಾಲೀಕ, ಅವನ ಹಿಂದೆ ಹೊಗೆ, ಹೊಗೆಯ ಹಿಂದೆ ಕೆಂಪು ಬಣ್ಣದ ಒಂದು ಕಾರು. ಕಾರಿನಲ್ಲಿ ಅವಳ ಗಂಡ ಸೂಗಪ್ಪ!

ತೊಗರಿ ವ್ಯಾಪಾರಿ ಸೂಗಪ್ಪ ಹೋದ ವರ್ಷವೇ ಪಣ ತೊಟ್ಟಿದ್ದ. "ಇನ್ನ ಕಮಲಾಪುರಕ್ಕ ಹೋದ್ರ ಸ್ವಂತ ಮೋಟರಿನ್ಯಾಗ ಹೋಗಾಂವ. ಇಲ್ಲಂದ್ರ ಆ ಊರಿನ ನೀರು ಸುದ್ದಾ ಮುಟ್ಟಂಗಿಲ್ಲ." ಕಮಲಾಪುರ ಶಿವಕಾಂತಮ್ಮನ ತವರು. ಹೋದ ವರ್ಷ ಪಂಚಮಿಗೆ ಸೂಗಪ್ಪ ಬಸ್ಸಿಳಿದು ಧೂಳಿನಲ್ಲಿ ನಡೆದು ಹೋದರೆ, ಅವಳ ಅಕ್ಕನ ಗಂಡ ದೇವೀಂದ್ರಪ್ಪ ತನ್ನ ಹೊಸ ಲಾರಿಯಿಂದ ಇಳಿದಿದ್ದ. ಅತ್ತೆಯಾದವಳು ದೇವೀಂದ್ರಪ್ಪನಿಗೆ ಕಾಲಿಗೆ ನೀರು ಕೊಟ್ಟದ್ದು ತಾಮ್ರದ ತಂಬಿಗೆಯಲ್ಲಿ, ಸೂಗಪ್ಪನಿಗೆ ಕೊಟ್ಟದ್ದು ಅಗ್ಗದ ಜರ್ಮನ್ ತಂಬಿಗೆಯಲ್ಲಿ. ಆ ತಂಬಿಗೆಯ ನೆಗ್ಗು ಕೂಡ ಅವನಿಗೆ ನೆನಪಿತ್ತು.

ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಕಳೆದಿತ್ತು. ಜಾಗೀರುಗಳು ಹೋಗಿ, ದೊಡ್ಡ ದೊಡ್ಡ ಹವೇಲಿಗಳ ಸಾಮಾನು ಗಾಜಿಪುರದ ಸಿಕಂದರನ ಅಂಗಡಿಗೆ ಬಂದು ಕೂತಿತ್ತು. ತೂಗುದೀಪದ ಝೂಮರು, ಗಡಿಯಾರ, ಹುಲಿಯ ತಲೆ, ಅವುಗಳ ನಡುವೆ ಯಾವನೋ ಜಾಗೀರದಾರನ ಮಗ ರೇಸಿಗೆಂದು ತರಿಸಿದ ಈ ಕಾರು. ಕಲಬುರಗಿಯಲ್ಲಿ ಹಳೇ ರೇಸ್ ಕಾರು ಮಾರುವ ಅಂಗಡಿ ಅದೊಂದೇ. ಅದು ಮಾರಿದ ಕಾರೂ ಒಂದೇ, ಕೊಂಡವನೂ ಒಬ್ಬನೇ. ಹಾಗಾಗಿ ಮುಂದೆ ಬಂದ ಫಿರ್ಯಾದಿಗಳೆಲ್ಲ ಒಬ್ಬನವೇ.

ಮೊದಲ ಫಿರ್ಯಾದಿ ಹುಟ್ಟಿದ್ದು ಆರತಿಯ ಹೊತ್ತಿನಲ್ಲಿ. ಸೂಗಪ್ಪನ ತಾಯಿ ನೀಲಗಂಗಮ್ಮ ಕಾರಿನ ಮೂತಿಗೆ ವಿಭೂತಿ ಬಳಿದು, ಕಾಯಿ ಒಡೆದು, ತಟ್ಟೆ ಹಿಡಿದು ಸುತ್ತು ಬಂದಳು. ಸುತ್ತು ಬಹಳ ಬೇಗ ಮುಗಿಯಿತು. ಅವಳು ನಿಂತು ಕಾರನ್ನು ನೋಡಿದಳು, ಮಗನನ್ನು ನೋಡಿದಳು.

"ಸೂಗಾ, ಉಳಿದ ಕಾರು ಎಲ್ಲಿ?"

ಎರಡೇ ಸೀಟು. ಹಿಂದೆ ಏನೂ ಇಲ್ಲ. ಸೂಗಪ್ಪನ ಮುಖ ಆರತಿಯ ಬೆಳಕಿನಲ್ಲೂ ಕಪ್ಪಾಯಿತು. ಅಂಗಡಿಯಲ್ಲಿ ಕಾರಿನ ಹಿಂಬದಿಗೆ ಒತ್ತಿ ಒಂದು ಮಖಮಲ್ಲಿನ ಸೋಫಾ ಇಟ್ಟಿದ್ದರು. ಅವನು ಅದನ್ನೇ ಕಾರಿನ ಹಿಂದಿನ ಸೀಟೆಂದು ತಿಳಿದು, ಒತ್ತಿ ನೋಡಿ, ಮೆಚ್ಚಿ, ಸೌದಾ ಮುಗಿಸಿದ್ದ!

ಅಂಗಡಿಗೆ ಓಡಿದವನು ಮುಂದಿನದನ್ನು ಮನೆಗೆ ಬಂದು ತಾನೇ ಹೇಳಿದ. ಸಿಕಂದರ್ ಫಿರ್ಯಾದಿ ತಂದವರನ್ನು ನಿಲ್ಲಿಸಿ ಮಾತಾಡಿಸುವ ಮನುಷ್ಯನಲ್ಲ. ಜಾಗೀರದಾರನ ದರ್ಬಾರಿ ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸುತ್ತಿದ್ದ. ಆ ಕುರ್ಚಿ ಎಷ್ಟು ಎತ್ತರವೆಂದರೆ ಕೂತವರ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಕಾಲು ತೂಗಾಡುತ್ತಿರುವಾಗ ಯಾವ ಗಂಡಸಿಗೂ ಜಗಳ ಮಾಡಲು ಬರುವುದಿಲ್ಲ. ರೇಸಿನ ಗಾಡಿಯಲ್ಲಿ ಹಿಂದೆ ಮಂದಿ ಕೂತರೆ ರೇಸು ಗೆಲ್ಲುವುದು ಹೇಗೆಂದು ಸಿಕಂದರ್ ಮೆತ್ತಗೆ ಕೇಳಿದನಂತೆ. ಸೋಫಾ ಆಗಲೇ ಸೇಡಂ ರಸ್ತೆಯ ವಕೀಲರೊಬ್ಬರ ಮನೆ ಸೇರಿತ್ತು. ಕೊನೆಗೆ, ಪಕ್ಕದಲ್ಲೇ ಟಾಂಗಾ ಕಟ್ಟುವ ಶಫಿಗೆ ಹೇಳಿದರೆ ಹಿಂದಿನ ಸೀಟು ಕೂರಿಸಿ ಕೊಡುತ್ತಾನೆ ಎಂದನಂತೆ.

ಶಫಿಗೆ ತಿಳಿದಿದ್ದ ಹಿಂದಿನ ಸೀಟು ಒಂದೇ. ಅವನು ಒಂದು ಟಾಂಗಾದ ಹಿಂದಿನ ಅರ್ಧವನ್ನು ತಂದು ಕಾರಿನ ಬೆನ್ನಿಗೆ ಬೋಲ್ಟು ಹಾಕಿ, ಹಗ್ಗ ಬಿಗಿದ. ಕೂತವರ ಮುಖ ಹಿಂದಕ್ಕೆ, ಬೆನ್ನು ಮುಂದಕ್ಕೆ, ಕಾಲಿಡಲು ಹಲಗೆ, ಮೇಲೆ ಹಸಿರು ಗಾದಿ.

ಎರಡನೇ ಫಿರ್ಯಾದಿ ಅಂದೇ ಸಂಜೆ ಹೋಯಿತು. ನೀಲಗಂಗಮ್ಮ ಮೆತ್ತಗಿದೆಯೇ ಎಂದು ನೋಡಲು ಗಾದಿಯ ಮೇಲೆ ಕೂತದ್ದೇ ತಡ, ಕಾರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದು ಆಕಾಶ ನೋಡತೊಡಗಿದ್ದವು. ಶಫಿ ಬಂದು ಗಲ್ಲ ಕೆರೆದುಕೊಂಡು, ಟಾಂಗಾ ಹೀಗೆ ಎದ್ದೇಳದಿರುವುದು ಮುಂದೆ ಕುದುರೆ ಇರುವುದರಿಂದ ಎಂದ. ಇಲ್ಲಿ ಕುದುರೆ ಎಲ್ಲಿ? ಕುದುರೆಯ ಭಾರ ಬೇಕು. ಸೂಗಪ್ಪನ ಬಳಿ ಕುದುರೆ ಇರಲಿಲ್ಲ, ತೊಗರಿ ಬೇಳೆ ಬೇಕಾದಷ್ಟಿತ್ತು. ಕಾರಿನ ಮೂತಿಯ ಮೇಲೆ ಒಂದು ಚೀಲ ಬೇಳೆ ಕಟ್ಟಿದರು. ಗಾಲಿಗಳು ನೆಲಕ್ಕಿಳಿದವು.

ಇಷ್ಟೆಲ್ಲ ನಡೆಯುತ್ತಿದ್ದರೂ ಶಿವಕಾಂತಮ್ಮ ಬಾಗಿಲಲ್ಲಿ ನಿಂತು ಆ ಹಸಿರು ಗಾದಿಯನ್ನೇ ನೋಡುತ್ತಿದ್ದಳು. ಅದು ಯಾರಿಗೆಂದು ಯಾರೂ ಹೇಳಬೇಕಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಟಾಂಗಾದಲ್ಲಿ ಗಂಡ, ಅತ್ತೆ ಮುಂದೆ, ಅವಳು ಹಿಂದೆ. ಊರನ್ನು ಅವಳು ಕಂಡದ್ದೆಲ್ಲ ಅದು ದೂರ ಸರಿಯುವಾಗ. ಗುಡಿ ಬಂತೆಂದು ತಿಳಿಯುತ್ತಿದ್ದದ್ದು ಗುಡಿ ದಾಟಿದ ಮೇಲೆ. ಬೇವಿನ ಮರದ ನೆರಳು ಮೈಮೇಲೆ ಬಿದ್ದು ಹೋದ ನಂತರವೇ ಮರ ಕಾಣುತ್ತಿತ್ತು. ಒಂದೇ ಒಂದು ಸಲ, ಯಾವುದಾದರೂ ಒಂದು ಮರ ತನ್ನ ಕಡೆಗೆ ಬರುವುದನ್ನು ನೋಡಬೇಕೆಂದು ಅವಳಿಗೆ ಆಸೆಯಿತ್ತು. ಯಾರಿಗಾದರೂ ಹೇಳಿದರೆ ನಗುವಂಥ ಆಸೆ. ಅವಳು ಹೇಳಿರಲಿಲ್ಲ.

ಕಮಲಾಪುರದಲ್ಲಿ ಅಕ್ಕನ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೊರಟ ಬೆಳಿಗ್ಗೆ ಓಣಿಯೆಲ್ಲ ಸೇರಿತ್ತು. ಶಿವಕಾಂತಮ್ಮ ಹೇಳಿಸಿಕೊಳ್ಳದೆ ಹಿಂದೆ ಹೋಗಿ ಹಲಗೆಯ ಮೇಲೆ ಕಾಲಿಟ್ಟಳು. ನೀಲಗಂಗಮ್ಮ ಇಳಕಲ್ ಸೀರೆಯ ನಿರಿಗೆ ಹಿಡಿದು ಮುಂದಿನ ಸೀಟಿಗೆ ಬಂದು, ಬಗ್ಗಿ ಒಳಗೆ ನೋಡಿದಳು. ಸೀಟು ನೆಲಕ್ಕೆ ಅಂಟಿಕೊಂಡಂತಿತ್ತು. ಕೂರಬೇಕೆಂದರೆ ಕಾಲು ಉದ್ದಕ್ಕೆ ಚಾಚಿ, ಬೆನ್ನು ಹಿಂದಕ್ಕೆ ಒರಗಿಸಬೇಕು.

"ಇದೇನೋ, ಮಕ್ಕೊಂಡು ಹೋಗಬೇಕೇನು?"

"ರೇಸಿನ ಗಾಡಿ ಹಂಗೇ ಇರ್ತದವ್ವಾ. ಒರಗಿ ಕುಂದ್ರೂದು."

"ನಮ್ಮ ಮಂದಿ ಸತ್ರೂ ಸೆಟದು ಕುಂತೇ ಮಣ್ಣಿಗೆ ಹೋಗ್ತಾರ. ನಾ ಬದಕಿರೂವಾಗ ಮಕ್ಕೊಂಡು ಹೋಗ್ಲಿ? ಬೀಗರು ಏನಂದಾರು?" ನೀಲಗಂಗಮ್ಮ ಹಿಂದಕ್ಕೆ ನಡೆದಳು. "ಇಳಿ ಶಿವಕಾಂತಿ. ಎತ್ತರದ ಗಾದಿ ನಂದು. ನಿನಗೇನು, ಸಣ್ಣಾಕಿ. ನೀ ಮಕ್ಕೊ ಅಲ್ಲಿ."

ಹೀಗೆ ಶಿವಕಾಂತಮ್ಮ ಹಗಲು ಹೊತ್ತಿನಲ್ಲಿ, ಇಡೀ ಬ್ರಹ್ಮಪುರ ನೋಡುತ್ತಿರುವಾಗ, ಗಂಡನ ಪಕ್ಕದಲ್ಲಿ ಕೂತಳು. ಸೂಗಪ್ಪ ಬಾಡಿಗೆ ಲಾರಿಗಳ ಚಾಲಕರ ಪಕ್ಕ ಕೂತು ಕಲಿತವನು. ರೇಸ್ ಕಾರನ್ನೂ ಲಾರಿಯಂತೆಯೇ ಎರಡೂ ಕೈಯಿಂದ ಕುಸ್ತಿ ಹಿಡಿದು ತಿರುಗಿಸುತ್ತಿದ್ದ. ಊರು ದಾಟಿತು. ಎದುರಿಗೆ ನೋಡಲು ಅವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಮೊದಲ ಮರ ಬಂತು. ದೂರದಲ್ಲಿ ಸಾಸಿವೆಯಷ್ಟಿದ್ದದ್ದು ಬೆಳೆಯುತ್ತ, ಕೈ ಚಾಚುತ್ತ, ಅವಳನ್ನೇ ಕರೆಯಲು ಬಂದಂತೆ ಬಂದು ನೆರಳು ಹಾಕಿ ಹೋಯಿತು. ಅದರ ಹಿಂದೆ ಇನ್ನೊಂದು. ಹಿಂದಿನಿಂದ ನೀಲಗಂಗಮ್ಮ, ಎದುರಾದ ಎತ್ತಿನ ಗಾಡಿಗಳೆಲ್ಲ ಹೆದರಿ ಹೊಲಕ್ಕೆ ಇಳಿದ ಸುದ್ದಿಯನ್ನು ಕೂಗಿ ಹೇಳುತ್ತಿದ್ದಳು.

ಮಹಾಗಾಂವ್ ದಾಟಿ ಏರು ಬಂದಲ್ಲಿ ಕಾರು ಒಮ್ಮೆ ಕುಪ್ಪಳಿಸಿತು. ಅನಂತರ ಹೂವಿನಂತೆ ಹಗುರಾಗಿ ಹಾರತೊಡಗಿತು. ಹಿಂದಿನ ಸುದ್ದಿಯೂ ನಿಂತಿತು.

"ನೋಡ್ದೇನು?" ಸೂಗಪ್ಪ ಗಾಳಿಗೆ ಎದುರಾಗಿ ಕೂಗಿದ. "ಶಫಿ ಹೇಳಿದ್ದ, ಸ್ವಲ್ಪ ಓಡಿದ ಮ್ಯಾಗ ಸರಿಹೋಗ್ತದಂತ. ಅವ್ವಗೂ ನಿದ್ದಿ ಹತ್ಯಾದ."

ತಿರುಗಿ ನೋಡಬೇಕೆಂದು ಶಿವಕಾಂತಮ್ಮನಿಗೂ ಅನಿಸಿತು. ಆದರೆ ಹಿಂದಕ್ಕೆ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಎದುರಿಗೊಂದು ಕೆರೆ ಬರುತ್ತಿತ್ತು.

ಕಮಲಾಪುರದಲ್ಲಿ ಭೋಂಗಾದ ಸದ್ದಿಗೆ ಬೀಗರ ಮನೆಯವರೆಲ್ಲ ಅಂಗಳಕ್ಕೆ ಬಂದರು. ಸೂಗಪ್ಪ ಗಾಡಿಯಿಂದ ಎದ್ದ. ಧೂಳಿನಲ್ಲಿ ಹಲ್ಲು ಮಾತ್ರ ಬೆಳ್ಳಗಿದ್ದವು. ಅವನ ಅತ್ತೆ ಒಳಗಿನಿಂದ ತಂಬಿಗೆ ಹಿಡಿದು ಬಂದಳು. ತಾಮ್ರದ್ದೇ! ಹುಣಸೆ ಹಚ್ಚಿ ತಿಕ್ಕಿದ ತಾಮ್ರ ಬಿಸಿಲಿಗೆ ಹೊಳೆಯಿತು. ಸೂಗಪ್ಪ ಚಪ್ಪಲಿ ಬಿಟ್ಟು, ಬಲಗಾಲು ಮುಂದಕ್ಕೆ ಎತ್ತಿ ಹಿಡಿದ.

"ಬೀಗತಿ ಎಲ್ಲ್ಯಾರ್ರೀ?" ಅಂದಳು ಅತ್ತೆ.

ಸೂಗಪ್ಪ ತಿರುಗದೆಯೇ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. ಎಲ್ಲರೂ ಅಲ್ಲಿ ನೋಡಿದರು. ಅಲ್ಲಿ ಎರಡು ಬೋಲ್ಟು, ಒಂದು ತುಂಡು ಹಗ್ಗ ಇದ್ದವು.

ಯಾರೂ ಮಾತಾಡುವ ಮುಂಚೆ ಲಾರಿಯ ಸದ್ದು ಕೇಳಿತು. ಕಾರ್ಯಕ್ಕೆಂದು ಕಲಬುರಗಿಯಿಂದ ಹಂಡೆ, ಶಾಮಿಯಾನ ಹೇರಿಕೊಂಡು ದೇವೀಂದ್ರಪ್ಪ ಬರುತ್ತಿದ್ದ. ಹಂಡೆಗಳ ಮೇಲೆ ಶಾಮಿಯಾನ, ಶಾಮಿಯಾನದ ಮೇಲೆ ಹಸಿರು ಗಾದಿ, ಗಾದಿಯ ಮೇಲೆ ಬೆನ್ನು ಸೆಟೆಸಿ, ಮುಖ ಹಿಂದಕ್ಕೆ ಮಾಡಿ ನೀಲಗಂಗಮ್ಮ! ಅವಳು ಬೀಗರ ಊರನ್ನು ಬೆನ್ನಿನಿಂದಲೇ ಪ್ರವೇಶಿಸಿದಳು. ಲಾರಿಯೊಳಗೆ ಕೂರಿ ಎಂದರೆ, ಮಗ ಮಾಡಿಸಿದ ಗಾದಿ ಬಿಟ್ಟು ಏಳುವುದಿಲ್ಲ ಎಂದಳಂತೆ. ಗಾದಿ ಸಮೇತ ನಾಲ್ವರು ಎತ್ತಿ ಇಟ್ಟಿದ್ದರು.

"ದಾರಿ ತಪ್ಪಲಿಲ್ಲ ಬಿಡ್ರಿ," ಎಂದ ದೇವೀಂದ್ರಪ್ಪ. "ಮಹಾಗಾಂವದಿಂದ ಇಲ್ಲಿತನ ನಿಮ್ಮ ಚೀಲದ ಬ್ಯಾಳಿ ಚೆಲ್ಲ್ಯಾವ. ಕೋಳಿ ಹಿಂಡು ಇನ್ನಾ ಬರಾಕತ್ಯಾವ."

ತಾಮ್ರದ ತಂಬಿಗೆ ಸೂಗಪ್ಪನನ್ನು ದಾಟಿ ಲಾರಿಯ ಕಡೆ ಹೋಯಿತು. ಎತ್ತಿದ ಕಾಲನ್ನು ಇಳಿಸುವುದು ಅವನಿಗೆ ಬಹಳ ಹೊತ್ತು ನೆನಪಾಗಲಿಲ್ಲ.

ಕಾರ್ಯ ಮುಗಿಯುವವರೆಗೂ ನೀಲಗಂಗಮ್ಮ ಕೆಂಪು ಬಾಳೆಹಣ್ಣು ಸುಲಿಯುತ್ತ ಒಂದೇ ಮಾತು ಹೇಳಿದಳು: ಗಾದಿ ಬಂಗಾರದಂಥದ್ದು, ರಸ್ತೆಯ ಮೇಲೆ ಇಳಿದದ್ದೂ ಮೆತ್ತಗೇ ಇಳಿಯಿತು, ತನ್ನನ್ನು ಬಿಟ್ಟು ಓಡಿಹೋದದ್ದು ಆ ಕಾರು. ಮರುದಿನ ಅವಳು ಲಾರಿಯಲ್ಲೇ ಊರಿಗೆ ಹೊರಟಳು. ಸೂಗಪ್ಪ ಹಲ್ಲು ಕಚ್ಚಿಕೊಂಡು ಕಾರು ತಿರುಗಿಸಿ, ನೇರ ಗಾಜಿಪುರದಲ್ಲೇ ನಿಲ್ಲಿಸಿದ. ದಾರಿಯುದ್ದಕ್ಕೂ ಒಂದೇ ಮಾತು: ಗಾಡಿ ವಾಪಸು.

ಸಿಕಂದರ್ ದರ್ಬಾರಿ ಕುರ್ಚಿ ಒರೆಸಿದ. ಶಫಿಯನ್ನೂ ಕರೆಸಿದ. ಸೂಗಪ್ಪ ಕಾಲು ತೂಗಾಡಿಸುತ್ತಲೇ ಮೂರನೇ ಫಿರ್ಯಾದಿ ಹೇಳಿ ಮುಗಿಸಿದ.

"ನಾ ಮಾಡಿದ್ದು ಸೀಟ್ರಿ," ಎಂದ ಶಫಿ. "ಸೀಟು ಎಲ್ಲಿ ಓಡಿಹೋಗ್ಯಾದ? ಇದ್ದಲ್ಲೇ ಕುಂತಿತ್ತು. ಓಡಿದ್ದು ಕಾರು."

"ನಾ ಮಾರಿದ್ದು ಕಾರು, ಸಾವ್ಕಾರ್ರ," ಎಂದ ಸಿಕಂದರ್. "ಓಡ್ತದ ಅಂತ ಹೇಳೇ ಮಾರೀನಿ. ಓಡ್ಯದ. ಇನ್ನ ಬಿದ್ದವರ ಫಿರ್ಯಾದಿ ಏನದ?"

ಬಿದ್ದವಳು ಗಾದಿಯನ್ನು ಹೊಗಳುತ್ತಿದ್ದಾಳೆಂದು ಸೂಗಪ್ಪ ಹೇಳುವಂತಿರಲಿಲ್ಲ. ಅವನು ಕಾರಿನ ಪಕ್ಕ ನಿಂತಿದ್ದ ಹೆಂಡತಿಯನ್ನು ಕರೆದ.

"ನೀ ಹೇಳ ಇವರಿಗೆ. ಹೋಗ್ತಾ ಬರ್ತಾ ಗಾಡ್ಯಾಗ ನೀ ಇದ್ದಿ. ಇದರದ್ದು ಏನೇನು ತಕರಾರದ, ಎಲ್ಲಾ ಹೇಳು. ಹೇಳಿ ಆ ಟಾಂಗಾ ಹತ್ತು, ಮನಿಗೆ ಹೋಗಮು."

ಬೀದಿಯಲ್ಲಿ ಟಾಂಗಾ ನಿಂತಿತ್ತು. ಹಿಂದಿನ ಸೀಟು ಖಾಲಿ ಇತ್ತು. ಶಿವಕಾಂತಮ್ಮ ಅದನ್ನು ಒಮ್ಮೆ ನೋಡಿದಳು. ಸಿಕಂದರ್ ಇನ್ನೊಂದು ಎತ್ತರದ ಕುರ್ಚಿ ಎಳೆದು, "ಕುಂದ್ರಿ ಬೆಹನ್," ಎಂದ. ಅವಳು ಕೂರಲಿಲ್ಲ. ಸೆರಗು ಸರಿಮಾಡಿಕೊಂಡು, ಎರಡೂ ಕಾಲು ನೆಲದ ಮೇಲಿಟ್ಟು ನಿಂತೇ ಹೇಳಿದಳು.

"ನಂದೂ ಒಂದು ಫಿರ್ಯಾದಿ ಅದ ಭಾಯಿ. ಕಮಲಾಪುರ ಭಾಳ ಲಗೂ ಬಂದುಬಿಡ್ತು."

ದರ್ಬಾರಿ ಕುರ್ಚಿಯಲ್ಲಿ ತೂಗಾಡುತ್ತಿದ್ದ ಎರಡು ಕಾಲು ನಿಂತುಬಿಟ್ಟವು. ಸೂಗಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವಳು ತಿರುಗಿ ಕಾರಿನ ಕಡೆ ನಡೆಯುತ್ತಿದ್ದಳು. ನಡೆಯುತ್ತಲೇ ಹೇಳುತ್ತಿದ್ದಳು, "ಅದರ ಮುಂದ ಹುಮನಾಬಾದ ಅದ ಅಂತಾರ, ಅಲ್ಲೀ ದಾರಿ ತುಂಬಾ ಮರ ಅವ ಅಂತ, ಆ ಹರಿದ ಬ್ಯಾಳಿ ಚೀಲ ಒಂದು ಇಳಿಸಿ ಹೋದ್ರ—"