ಕೆಂಪು ಪೈಪಿಗೆ ಗಂಗೆ ಪೂಜೆ

ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಇರಬೇಕು ಎನ್ನುವವನು ನಾನು. ಕೆಲವರಿಗೆ ಬಂಗಾರದ ಹುಚ್ಚು, ಕೆಲವರಿಗೆ ಇಸ್ಪೀಟಿನದು. ನನಗೆ ಈಚೆಗೆ ಹತ್ತಿದ್ದು ಬೆಂಕಿ ಆರಿಸುವ ಪೈಪಿನ ಹುಚ್ಚು. ನಾರಾಯಣಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಅದರ ಮೇಲೆ ಎರಡು ಮಹಡಿ ಎಬ್ಬಿಸಿ ಫಂಕ್ಷನ್ ಹಾಲ್ ಮಾಡಿಸಿದೆ. ಮೊದಲ ಮದುವೆ ನನ್ನ ಮಗಳದೇ. ಗದ್ವಾಲದ ಬೀಗರಿಗೆ ‘ಹಾಲ್ ನಮ್ಮದೇ’ ಎಂದು ಜಂಬದಿಂದ ಹೇಳಿ, ಲಗ್ನಪತ್ರಿಕೆಯನ್ನೂ ಹಂಚಿದ್ದಾಯಿತು. ಆಮೇಲೆ ತಿಳಿಯಿತು, ಅಗ್ನಿಶಾಮಕ ಇಲಾಖೆಯವರು ನೋಡಿ ಒಪ್ಪುವವರೆಗೆ ಅಲ್ಲಿ ಮದುವೆ ಮಾಡುವಂತಿಲ್ಲ.

“ಹುಣಸಿ ಗಿಡದಷ್ಟೂ ಎತ್ತರ ಇಲ್ರೀ ಈ ಬಿಲ್ಡಿಂಗು, ಇದಕ್ಯಾಕ ಇಷ್ಟೆಲ್ಲ?” ಎಂದು ಮೊದಲು ಜಗಳ ತೆಗೆದೆ. “ಎತ್ತರ ಒಂದೇ ನೋಡಂಗಿಲ್ರಿ ಸಾವ್ಕಾರ್ರ. ಕೆಳಗ ಸೀರಿ, ಮ್ಯಾಲ ಮಂದಿ. ಬೆಂಕಿ ಹತ್ತಿದ್ರ ಅವರೆಲ್ಲಿ ಹೋಗಬೇಕು?” ಎಂದರು ಅಧಿಕಾರಿ. ಗೊಣಗುತ್ತಲೇ ಒಪ್ಪಿದೆ. ಆದರೆ ಕೆಲಸ ಶುರುವಾದದ್ದೇ ತಡ, ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು. ತಾರಸಿಯಲ್ಲಿ ಟ್ಯಾಂಕು, ನೀರು ತಳ್ಳಲು ಪಂಪು, ಅಲ್ಲಿಂದ ನೆಲದವರೆಗೆ ದಪ್ಪನೆಯ ಕೆಂಪು ಪೈಪು, ಮಹಡಿಗೊಂದು ವಾಲ್ವು, ಅದರ ಪಕ್ಕ ಸುತ್ತಿಟ್ಟ ಹೋಸು. ಹಾಲಿನ ಸೂರಿನಲ್ಲಿ ಪುಟ್ಟ ಸ್ಪ್ರಿಂಕ್ಲರುಗಳು. ಒಂದೊಂದರಲ್ಲೂ ಒಂದು ಗಾಜಿನ ಕಡ್ಡಿ. ಝಳ ತಾಗಿದ ಕಡ್ಡಿ ಮಾತ್ರ ಒಡೆದು ಅಲ್ಲಷ್ಟೇ ನೀರು ಸುರಿಯುತ್ತದೆ. ಎಂಥ ಬುದ್ಧಿ ನೋಡಿ. ಸೀರೆ ಕೊಳ್ಳಲು ಬಂದವರಿಗೆಲ್ಲ ಇದನ್ನೇ ವಿವರಿಸತೊಡಗಿದೆ. ಕೋಸಗಿಯ ಹೆಣ್ಣುಮಗಳೊಬ್ಬಳು ಆರಿಸಿದ ಸೀರೆಯನ್ನೂ ಬಿಟ್ಟು ಎದ್ದು ಹೋದಳು.

ಮದುವೆಗೆಂದು ಮಕ್ತಲದಿಂದ ಮುಂಚಿತವಾಗಿ ಬಂದಿದ್ದ ಸೋದರತ್ತೆ ಗೌರವ್ವನಿಗೆ ಮಾತ್ರ ಸಂಶಯ. “ಊದಿನಕಡ್ಡಿ ಹಚ್ಚಿದ್ರೂ ಮ್ಯಾಲಿಂದ ಸುರೀತೈತೇನೋ?”

“ಇಲ್ಲತ್ತಿ, ಅದು ಹೊಗಿಗೆ ಅಂಜಂಗಿಲ್ಲ. ಕಾವು ತಾಗಬೇಕು.”

ಪರೀಕ್ಷೆಯ ದಿನ ಅಂಗಡಿಯ ಮುಂದೆ ಅಧಿಕಾರಿ ವಾಲ್ವಿಗೆ ಕೈ ಹಾಕಿದರು. ಅತ್ತೆ ತಾಮ್ರದ ತಂಬಿಗೆ ಹಿಡಿದು ಅಡ್ಡ ನಿಂತಳು. ಹೊಸ ಬೋರಿನದಾಗಲಿ ಹೊಸ ನಲ್ಲಿಯದಾಗಲಿ, ಗಂಗೆ ಪೂಜೆಯಾಗದೆ ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಮೊದಲ ನೀರು ತಂಬಿಗೆಗೇ ಬೀಳಬೇಕು. “ಮದುವಿ ಮನಿ ಐತ್ರಿ ಸಾಹೇಬ್ರ. ಗಂಗವ್ವನ್ನ ಪೂಜಿ ಮಾಡದ ಹೆಂಗ ನೀರು ಬಿಡ್ತೀರಿ?” ಎಂದಳು. ಅಧಿಕಾರಿ “ಪರ್ವಾಲೇದಮ್ಮಾ, ಚೇಯಂಡಿ” ಎಂದು ತೆಲುಗಿನಲ್ಲಿ ಒಪ್ಪಿ, ಪೂಜೆಯೆಂದು ಬೂಟು ಬಿಚ್ಚಿ ಬದಿಗಿಟ್ಟರು. ಪೈಪಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದದ್ದಾಯಿತು. ನನಗೋ ಒಂದೇ ಚಿಂತೆ. ನೀರು ಸರಿಯಾಗಿ ಬರದಿದ್ದರೆ ಬೀಗರಿಗೆ ಯಾವ ಮುಖ ತೋರಿಸಲಿ?

“ಇಬ್ಬರು ಹಿಡೀರಿ, ಎರಡೂ ಕೈಲಿ ಬಿಗಿಯಾಗಿ,” ಎಂದರು ಅಧಿಕಾರಿ.

“ಎಲ್ಲಾ ಗೊತ್ತೈತ್ರಿ. ನೀವು ಬಿಡ್ರಿ,” ಎಂದೆ. ಒಂದು ಕೈಯಲ್ಲಿ ಹೋಸಿನ ಮೂತಿ ಹಿಡಿದೆ. ಇನ್ನೊಂದರಲ್ಲಿ, ಬೀಗರಿಗೆ ವಿಡಿಯೋ ಕಳಿಸಲೆಂದು, ಮೊಬೈಲು.

ಗಂಗವ್ವ ಬಂದಳು. ಬಂದ ರಭಸಕ್ಕೆ ಅತ್ತೆಯ ತಂಬಿಗೆ ಬೀದಿಯಾಚೆ ಹಾರಿತು. ಮೊಬೈಲು ಎತ್ತ ಹೋಯಿತೋ ನೋಡಲು ನನಗೆ ಪುರಸೊತ್ತಿರಲಿಲ್ಲ, ಏಕೆಂದರೆ ಹೋಸು ನನ್ನನ್ನು ಎಳೆದುಕೊಂಡು ಹೊರಟಿತ್ತು. ಅಧಿಕಾರಿಯ ಬೂಟು ತುಂಬಿದವು. ನಾನು ಕೆಸರಿನಲ್ಲಿ ಕೂತೆ. ಅತ್ತೆ ಮತ್ತು ನನ್ನ ಹೆಂಡತಿ ಸೆರಗು ಸಿಕ್ಕಿಸಿ ಹೋಸಿನ ಮೇಲೆ ಬಿದ್ದು, ಅದನ್ನು ಕಂಕುಳಲ್ಲಿ ಅಮುಕಿ ಹಿಡಿದು ನಿಂತರು. ನೀರು ನೇರವಾಗಿ ತಾರಸಿಯ ಗೋಡೆಗೆ ಬಡಿಯಿತು. ನೆನೆದು ತೊಪ್ಪೆಯಾಗಿದ್ದರೂ ನನಗೆ ಖುಷಿಯೋ ಖುಷಿ. ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದೆ.

ಅಧಿಕಾರಿ ಬೂಟಿನ ನೀರು ಚೆಲ್ಲುತ್ತ ಹೇಳಿದರು: “ಪೈಪು ಪಾಸು, ಪಂಪು ಪಾಸು. ಬೆಂಕಿ ಬಿದ್ರ ಈ ಇಬ್ಬರು ಅಮ್ಮಾರು ಹೋಸು ಹಿಡೀಲಿ. ನೀವು ಎಲ್ಲರಿಗಿಂತ ಮೊದಲು ಹೊರಗ ಹೋಗ್ರಿ ಸಾವ್ಕಾರ್ರ.”

ಮದುವೆ ನಮ್ಮ ಹಾಲಿನಲ್ಲೇ ಸಾಂಗವಾಗಿ ನಡೆಯಿತು. ಅಡುಗೆ, ಬಡಿಸುವುದು, ಬೀಗರ ಉಪಚಾರ ಎಂದು ಎಲ್ಲರಿಗೂ ಒಂದೊಂದು ಜವಾಬ್ದಾರಿ ಇತ್ತು. ನನಗೂ ಒಂದು ಕೊಟ್ಟಿದ್ದರು: ಕೆಂಪು ಪೈಪಿನ ಹತ್ತಿರ ಸುಳಿಯದಿರುವುದು. ಹೆಣ್ಣಿನ ತಂದೆಯಾಗಿ ಅದನ್ನು ಚಾಚೂ ತಪ್ಪದೆ ನಿಭಾಯಿಸಿದೆ.