ಹೆಣ್ಣಿನಪ್ಪ ಬಫೆಗೆ ಬಂದದ್ದು

ಊಟ ಹಾಕೋ ಜಾಗದಲ್ಲಿ ಕೆಲಸ ಮಾಡೋನು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ ನೋಡಿ. ಜನ ಹಸಿದು ಬರ್ತಾರೆ, ತಟ್ಟೆ ಮುಂದೆ ಕೂರ್ತಾರೆ, ಕೈ ತೊಳೆದು ಎದ್ದು ಹೋಗೋ ಅಷ್ಟರಲ್ಲಿ ಏನಾದರೊಂದು ಆಗೇ ಆಗುತ್ತೆ.

ನಾನು ಬಿಡದಿ ಹತ್ತಿರ ಹೆದ್ದಾರಿ ಪಕ್ಕದ ದೊಡ್ಡದೊಂದು ಬಫೆ ಹೋಟೆಲಲ್ಲಿ ಸೂಪರ್‌ವೈಸರ್ ಆಗಿದ್ದೆ. ಒಂದರ ಹಿಂದೊಂದು ಕಾರ್ಖಾನೆ ಬಂದು, ರಸ್ತೆ ಅಗಲ ಆಗಿ, ರಾಗಿ ಹೊಲ ಇದ್ದ ಕಡೆ ಗಾಜಿನ ಬಾಗಿಲು ಎದ್ದ ಕಾಲ ಅದು. ಹಾಲ್ ಉದ್ದಕ್ಕೂ ಮೂವತ್ತು ಪಾತ್ರೆ, ಕೆಳಗೆ ಸಣ್ಣಗೆ ಬೆಂಕಿ, ಮೇಲೆ ಹೊಳೆಯೋ ಮುಚ್ಚಳ. ಟೇಬಲ್ ಮೇಲೆ ಖಾಲಿ ತಟ್ಟೆ ಇಟ್ಟಿರ್ತೀವಿ. ಬಂದವರು ಅದನ್ನ ತಗೊಂಡು ಹೋಗಿ, ಬೇಕಾದ್ದನ್ನ ಬೇಕಾದಷ್ಟು ತಾವೇ ಹಾಕ್ಕೊಂಡು ಬರಬೇಕು. ನಮ್ಮ ಮಾಲೀಕರದು ಒಂದೇ ಕಟ್ಟಪ್ಪಣೆ: "ಯಾರಿಗೂ ಬಡಿಸಬೇಡಿ. ಒಬ್ಬರಿಗೆ ಬಡಿಸಿದ್ರೆ ಎಲ್ಲರೂ ಕೂತ್ಕೊಂಡ್ಬಿಡ್ತಾರೆ."

೧. ಹಂಗಾದ್ರೆ ನಿಂದೇನು ಕೆಲಸ?

ನಮ್ಮೂರು ಮಾಗಡಿ ಕಡೆಯ ತಿಪ್ಪಸಂದ್ರದ ಪಕ್ಕ. ನನ್ನ ಕೆಲಸ ಏನು ಅಂತ ಅಲ್ಲಿ ಹೇಳಿ ಒಪ್ಪಿಸೋದು ಒಂದು ದೊಡ್ಡ ಪಾಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವ್ವ ಕೇಳಿದಳು, "ನೀನೇ ಅಡುಗೆ ಮಾಡ್ತೀಯಾ?"

"ಇಲ್ಲ ಕಣವ್ವ, ಅದಕ್ಕೆ ಭಟ್ಟರವ್ರೆ."

"ಇಕ್ಕೋದು ನೀನಾ?"

"ಇಲ್ಲ, ಅವರವರೇ ಇಕ್ಕಂತಾರೆ."

"ಎಲೆ ಎತ್ತೋದು?"

"ಅದಕ್ಕೂ ಜನ ಅವ್ರೆ."

"ಉಂಬೋರ ಬಾಯಿ ನೋಡ್ಕಂಡು ನಿಂತಿರ್ತೀಯಾ? ದೃಷ್ಟಿ ತಾಕ್ತದೆ ಕಣ್ಲಾ, ಬ್ಯಾರೆ ಕೆಲಸ ನೋಡ್ಕ" ಅಂದಳು ಅವ್ವ.

ಅವ್ವನ್ನ ಹೇಗೋ ಸಮಾಧಾನ ಮಾಡಬಹುದಿತ್ತು. ಕಷ್ಟ ಶುರುವಾದದ್ದು ಆ ವರ್ಷ ನನಗೆ ಹೆಣ್ಣು ನೋಡೋಕೆ ಹೊರಟಾಗ. ಸೋದರಮಾವ ಕನಕಪುರದ ಕಡೆ ಒಂದು ಹುಡುಗಿ ಇದ್ದಾಳೆ ಅಂತ ಕರ್ಕೊಂಡು ಹೋದರು. ನಾವು ಹೋದ ದಿನ ಹೆಣ್ಣಿನ ಅಪ್ಪ ರೇಷ್ಮೆ ಗೂಡು ಮಾರಾಟಕ್ಕೆ ಹಾಕೋಕೆ ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದರು. ಗೂಡು ಬಿಡಿಸಿದ ಮೇಲೆ ಹುಳ ಚಿಟ್ಟೆಯಾಗೋ ಮೊದಲೇ ಮಾರಬೇಕು, ಯಾರಿಗೋಸ್ಕರಾನೂ ಕಾಯೋಕಾಗಲ್ಲ, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ. ಹುಡುಗಿ ಉಪ್ಪಿಟ್ಟು ತಂದಿಟ್ಟು, ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೇಳಿದಳು, "ನಿಮ್ಮೋಟ್ಲಲ್ಲಿ ಜಾಮೂನು ಎಷ್ಟು ಸಲ ಬೇಕಾದ್ರೂ ಹಾಕ್ಕಬೋದಂತೆ, ನಿಜವಾ?" ನಿಜ ಅಂದೆ. "ಯಾರೂ ಏನೂ ಅನ್ನಲ್ವಾ?" ಅಂದಳು. ಯಾರೂ ಅನ್ನಲ್ಲ ಅಂದೆ. ಅವಳು ತಲೆ ಎತ್ತಿ ನಕ್ಕಳು. ಮದುವೆ ಅಂತ ಆದರೆ ಇವಳನ್ನೇ ಅಂತ ನಾನು ಅಲ್ಲೇ ಗಟ್ಟಿ ಮಾಡ್ಕೊಂಡೆ.

ಎರಡೂ ಕಡೆ ಒಪ್ಪಿಗೆ, ಅವಳಪ್ಪನ ಮಾತೊಂದು ಬಾಕಿ. ಅವರು ಫೋಟೋ ನೋಡಿ ಮುಖ ಪರವಾಗಿಲ್ಲ ಅಂದರಂತೆ. ಆಮೇಲೆ ನಮ್ಮವ್ವ ಕೇಳಿದ ಪ್ರಶ್ನೆಗಳನ್ನೆಲ್ಲ ಸಾಲಾಗಿ ಸೋದರಮಾವನ್ನ ಕೇಳಿ, ಕೊನೆಗೆ ಅಂದರಂತೆ, "ಏನೂ ಮಾಡ್ದೆ ಸಂಬಳ ತಗಳ್ಳೋನು ಅಂದ್ರೆ ಗೌರ್ಮೆಂಟ್ ಕೆಲಸಾನೇ ಇರ್ಬೇಕು. ಒಸಿ ಸರಿಯಾಗಿ ವಿಚಾರ್ಸಿ."

೨. ಎಲೆ ಬಂತು, ಅನ್ನ ಎಲ್ಲಿ?

ಅವರ ಮಾತಿಗೆ ಕಾಯ್ತಾ ಇದ್ದ ದಿನಗಳಲ್ಲೇ ಮಾಗಡಿ ಕಡೆಯಿಂದ ಒಂದು ಟೆಂಪೋ ತುಂಬ ಜನ ಬಂದರು. ಯಾರದೋ ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಗಿತ್ತು, ಅದರ ಖುಷಿಗೆ ಊಟ. ನಾನು ಅಡುಗೆಮನೆಗೆ ಹೋಗಿ ಬರೋದರೊಳಗೆ ಅವರು ಆರು ಟೇಬಲ್ ಎಳೆದು ಉದ್ದಕ್ಕೆ ಜೋಡಿಸಿ, ಹಿರಿಯರು ಆ ತುದಿ, ಮಕ್ಕಳು ಈ ತುದಿ ಅಂತ ಪಂಕ್ತಿಯಲ್ಲಿ ಕೂತಾಗಿತ್ತು. ಎಲ್ಲರೂ ಲೋಟದಿಂದ ನೀರು ಚಿಮುಕಿಸಿ, ಪಿಂಗಾಣಿ ತಟ್ಟೆಗಳನ್ನ ಅಂಗೈಯಲ್ಲಿ ಸವರಿ, ಬಾಳೆ ಎಲೆ ಒರೆಸಿದ ಹಾಗೆ ಒರೆಸಿ ನೆಲಕ್ಕೆ ನೀರು ಜಾಡಿಸಿದ್ದರು. ಹಾಲ್ ತುಂಬ ಒದ್ದೆ.

ನಾನು ಓಡಿ ಹೋಗಿ, "ಯಜಮಾನ್ರೇ, ಇಲ್ಲಿ ಬಡಿಸಲ್ಲ. ನೀವೇ ಹೋಗಿ ಹಾಕ್ಕೋಬೇಕು" ಅಂದೆ.

ಪಂಕ್ತಿಯ ತಲೆಯಲ್ಲಿ ಕೂತಿದ್ದ ಅಜ್ಜ ಪಾಪ, ಕೋಪ ಮಾಡ್ಕೊಳ್ಳಲಿಲ್ಲ. ಹೆಗಲ ಮೇಲೆ ಕೈ ಇಟ್ಟು ನನ್ನನ್ನೇ ಸಮಾಧಾನ ಮಾಡಿದರು. "ಜನ ಕಮ್ಮಿ ಬಿದ್ದವ್ರಾ ಮಗಾ? ಹೇಳಾಕೆ ನಾಚ್ಕೆ ಯಾಕೆ? ಬಡಿಸೋರು ಬರಲಿ, ಕಾಯ್ತೀವಿ."

೩. ಸೋಪು ಎಲ್ಲಿ?

ಇನ್ನೊಂದು ಸಲ, ರಾಮನಗರದ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಂದಿದ್ದರು. ಊಟ ಚೆನ್ನಾಗಿ ಆಯ್ತು. ಆಮೇಲೆ ಅಜ್ಜಿ ತಟ್ಟೆ ಎತ್ತಿಕೊಂಡು ನೆಟ್ಟಗೆ ಕೈ ತೊಳೆಯೋ ಕಡೆಗೆ ಹೊರಟರು. ನಾನು ಅಡ್ಡ ಹೋಗಿ, "ಅಜ್ಜಿ, ಅಲ್ಲೇ ಬಿಡಿ, ನಾವು ತೊಳೀತೀವಿ" ಅಂದೆ.

ಅಜ್ಜಿ ತಟ್ಟೆಯನ್ನ ಎದೆಗವಚಿಕೊಂಡರು. "ನನ್ನ ಎಂಜಲು ನೀನು ತೊಳೀತೀಯಾ? ಯಾರು ಹೆತ್ತ ಮಗನೋ ಏನೋ! ಅಷ್ಟು ಚಂದಾಗಿ ಊಟ ಹಾಕಿದ್ದೀರಿ, ತಟ್ಟೆ ತೊಳೆಯೋಕಾಗ್ದಷ್ಟು ಮುದುಕಿ ಆಗಿಲ್ಲಪ್ಪ ನಾನು."

ನಾನು ದಾರಿ ಬಿಟ್ಟು ಅಡುಗೆಮನೆಗೆ ಹೋದೆ. ಅದೇ ತಪ್ಪಾಯ್ತು. ಪಕ್ಕದ ಟೇಬಲ್‌ನವರು ಅಜ್ಜಿಯನ್ನ ನೋಡಿದರು. ತಾವೇ ಹಾಕ್ಕೋಬೇಕು ಅಂದ ಮೇಲೆ ತಾವೇ ತೊಳೀಬೇಕು ಅಂತಾನೂ ಇರಬೇಕು ಅಂದ್ಕೊಂಡು ಅವರೂ ತಟ್ಟೆ ಎತ್ತಿಕೊಂಡು ಎದ್ದರು. ಅವರನ್ನ ನೋಡಿ ಇನ್ನೊಂದು ಟೇಬಲ್. ನಾನು ಅಡುಗೆಮನೆಯಿಂದ ಆಚೆ ಬರೋವಾಗ ಸಿಂಕಿನ ಮುಂದೆ ಹದಿನೈದು ಜನರ ಸಾಲು. ಕೊನೆಯಲ್ಲಿ ಬೆಂಗಳೂರಿನಿಂದ ಬಂದ ಕೋಟು ಟೈ ಹಾಕಿದ ದೊಡ್ಡ ಆಫೀಸರೊಬ್ಬರು ತೋಳು ಮಡಚಿಕೊಂಡು ನಿಂತಿದ್ದರು. ನನ್ನನ್ನ ಕಂಡವರೇ ಗದರಿದರು, "ಏನ್ರೀ ವ್ಯವಸ್ಥೆ ಇದು? ಇಷ್ಟು ದೊಡ್ಡ ಹೋಟೆಲ್ ಇಟ್ಕೊಂಡು ಒಂದು ಪಾತ್ರೆ ಸೋಪು ಇಡೋದಕ್ಕಾಗಲ್ವಾ?"

೪. ಮೂರು ಜಗ್ಗು ನೀರು

ಇದಾದ ಮುಂದಿನ ಭಾನುವಾರ. ಕಾಲಿಡೋಕೆ ಜಾಗ ಇರಲಿಲ್ಲ. ಮೂಲೆ ಟೇಬಲಲ್ಲಿ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿದ ಯಜಮಾನರೊಬ್ಬರು ಒಬ್ಬರೇ ಕೂತಿದ್ದರು. ಹಾದು ಹೋಗ್ತಾ "ಶುರು ಮಾಡಿ ಯಜಮಾನ್ರೇ" ಅಂದೆ. ಅವರು ಖಾಲಿ ತಟ್ಟೆ ನೋಡಿ, ನನ್ನನ್ನ ನೋಡಿ, "ಆಗ್ಲಿ" ಅಂದರು. ಎರಡನೇ ಸಲ ಹೋದಾಗಲೂ "ಶುರು ಮಾಡಿ" ಅಂದೆ. "ಆಗ್ಲಿ" ಅಂದು ನೀರು ಕುಡಿದರು. ಮೂರನೇ ಸಲ "ಊಟ ಹೆಂಗಿತ್ತು?" ಅಂತ ಬೇರೆ ಕೇಳಿಬಿಟ್ಟೆ. "ತಣ್ಣಗಿತ್ತು" ಅಂದು ಎದ್ದು ಹೋದರು. ಟೇಬಲ್ ಮೇಲೆ ಮೂರು ಜಗ್ಗು ಖಾಲಿ, ತಟ್ಟೆ ಇಟ್ಟ ಹಾಗೇ ಇತ್ತು.

ಸಂಜೆ ಸೋದರಮಾವನ ಫೋನು. "ಲೇ, ಏನ್ಲಾ ಮಾಡ್ದೆ? ಹೆಣ್ಣಿನಪ್ಪ ನಿನ್ನ ಕೆಲಸ ನೋಡಾನ ಅಂತ ಯಾರಿಗೂ ಹೇಳ್ದೆ ನಿಮ್ಮೋಟ್ಲಿಗೆ ಬಂದಿದ್ರಂತೆ ಕಣ್ಲಾ! 'ಮುಂದೆ ಬರೀ ತಟ್ಟೆ ಇಕ್ಕಿ, ಶುರು ಮಾಡಿ ಶುರು ಮಾಡಿ ಅಂತ ಅಣಕಿಸ್ದ. ಕೂತೋರ ತಟ್ಟೆ ತುಂಬೈತೋ ಖಾಲಿ ಐತೋ ನೋಡ್ದೆ ಇರೋನು ನನ್ನ ಮಗಳ ಹೊಟ್ಟೆ ನೋಡ್ತಾನಾ? ಈ ಸಂಬಂಧ ಬ್ಯಾಡ' ಅಂದ್ಬುಟ್ರು."

ಕರೆಯದೆ ಎದ್ದು ಹೋಗಿ ತಾನೇ ಬಡಿಸ್ಕೊಂಡು ತಿನ್ನೋದು ನಮ್ಮ ಕಡೆ ಹಿರಿಯರಿಗೆ ಎಂಥ ಸಂಕೋಚ ಅಂತ ಮಾಗಡಿ ಪಂಕ್ತಿ ನೋಡಿದ್ದ ನನಗೆ ಗೊತ್ತಾಗಬೇಕಿತ್ತು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸ್ಟೋರ್ ರೂಮಿಗೆ ಹೋಗಿ ಅಕ್ಕಿ ಮೂಟೆ ಮೇಲೆ ಕೂತು ಅತ್ತೆ. ಹುಡುಕಿಕೊಂಡು ಬಂದ ಭಟ್ಟರು ಬಾಗಿಲಲ್ಲೇ ನಿಂತು, "ಈರುಳ್ಳಿ ಹೆಚ್ಚೋದು ನಿನ್ನ ಕೆಲಸ ಅಲ್ವಲ್ಲ ಮಾರಾಯ?" ಅಂದರು.

೫. ಬಡಿಸೋ ಪಾಲು ಯಾರದು?

ನಾಲ್ಕು ದಿನ ಬಿಟ್ಟು ಹೋಟೆಲ್ ಫೋನಿಗೆ ಆ ಹುಡುಗಿಯದೇ ಕರೆ. "ಶನಿವಾರ ಅಪ್ಪ ಗೂಡು ಹಾಕಾಕೆ ರಾಮನಗರಕ್ಕೆ ಬತ್ತಾರೆ. ಅವ್ವ, ಚಿಕ್ಕಪ್ಪ, ನಾನೂ ಬತ್ತೀವಿ. ಮಧ್ಯಾಹ್ನ ಊಟಕ್ಕೆ ಅಲ್ಲೇ ಹೋಗಾನ ಅಂತ ಹಟ ಹಿಡಿದು ಒಪ್ಪಿಸಿದ್ದೀನಿ. ಈ ಸಲ ನೀರು ಕುಡಿಸಿ ಕಳಿಸ್ಬ್ಯಾಡಿ." ನಾನು ಬಾಯಿ ತೆಗೆಯೋದರೊಳಗೆ ಇಟ್ಟೇಬಿಟ್ಟಳು.

ಶನಿವಾರ ಬಂದರು. ಮಾಲೀಕರು ಬೆಂಗಳೂರಿಗೆ ಹೋಗಿದ್ದರು. ಕೆಲಸ ಹೋದರೆ ಹೋಗಲಿ ಅಂತ ಅಡುಗೆಮನೆಯಿಂದ ಸಾರಿನ ಬಕೆಟ್, ಸೌಟು ತಂದು ಆ ನಾಲ್ಕು ಜನಕ್ಕೂ ನಿಂತು ಬಡಿಸೋಕೆ ಶುರು ಮಾಡಿದೆ. ಮುದ್ದೆ ಹಾಕಿ, ಬಸ್ಸಾರು ಬಿಟ್ಟು, "ಇನ್ನೊಸಿ ಹಾಕ್ಕಳಿ, ಏನೂ ಉಣ್ಣಲೇ ಇಲ್ಲ ನೀವು" ಅಂತ ಬಲವಂತ ಮಾಡಿದೆ. ಹೆಣ್ಣಿನಪ್ಪ ತಲೆ ಬಗ್ಗಿಸಿ ಉಣ್ಣುತ್ತಾ ಇದ್ದರು. ಎರಡನೇ ಮುದ್ದೆಗೆ ಬೇಡ ಅನ್ನಲಿಲ್ಲ ಅನ್ನೋದೇ ನನಗೆ ಒಂದು ಧೈರ್ಯ.

ಅಷ್ಟರಲ್ಲಿ ಪಕ್ಕದ ಟೇಬಲ್‌ನವರು ಕೂಗಿದರು, "ಹಲೋ, ನಮಗೂ ಒಂದು ಸೌಟು!" ಅದರಾಚೆ ಯೂನಿಫಾರ್ಮ್ ಹಾಕಿದ ಕಾರ್ಖಾನೆ ಹುಡುಗರು ಇಪ್ಪತ್ತು ಜನ ತಟ್ಟೆ ಹಿಡಿದು ಸಾಲಲ್ಲಿ ನಿಂತಿದ್ದವರು, "ಬಡಿಸ್ತಾವ್ರೆ ಕಣ್ರೋ" ಅಂತ ವಾಪಸ್ ಬಂದು ಕೂತುಬಿಟ್ಟರು. ನೋಡ್ತಾ ನೋಡ್ತಾ ಇಡೀ ಹಾಲ್ ಕೂತಿತು. ಮಾಲೀಕರು ಹೇಳಿದ್ದು ಅಕ್ಷರಶಃ ನಿಜವಾಯ್ತು. "ಅನ್ನ ಇಲ್ಲಿ!" "ಸಾರು ಬರಲಿಲ್ಲ!" "ಹಪ್ಪಳ ಹಪ್ಪಳ!" ನನಗೂ ನನ್ನ ಕೈಕೆಳಗಿನ ಮೂವರಿಗೂ ಯಾವ ಕಡೆ ಓಡಬೇಕು ಅಂತ ತಿಳೀಲಿಲ್ಲ. ಬೆವರು ಕಣ್ಣಿಗಿಳೀತಿತ್ತು. ಇವರ ಮುಂದೆ ಮತ್ತೆ ಮರ್ಯಾದೆ ಹೋಯ್ತಲ್ಲ, ಎಲ್ಲ ಮುಗೀತು ಅಂದ್ಕೊಂಡೆ.

ಹೆಣ್ಣಿನಪ್ಪ ಎದ್ದರು. ಕೈ ತೊಳೆದರು. ಹೊರಟೇಬಿಟ್ಟರು ಅನ್ನಿಸ್ತು. ಅವರು ಪಂಚೆ ಎತ್ತಿ ಕಟ್ಟಿ, ಟವೆಲ್ ಸೊಂಟಕ್ಕೆ ಬಿಗಿದು, ನೆಟ್ಟಗೆ ನನ್ನ ಹತ್ರ ಬಂದು "ಕೊಡಿಲ್ಲಿ" ಅಂತ ಬಕೆಟ್ ಕಿತ್ಕೊಂಡರು. "ಹಸಿದು ಕೂತೋರನ್ನ ಕಾಯಿಸ್ಬಾರ್ದು. ನೀನು ಮುದ್ದೆ ತಗಂಡು ಮುಂದೆ ನಡಿ."

ಅಯ್ಯಪ್ಪಾ, ಆ ಬಡಿಸೋ ವೈಖರಿ! ಒಂದು ತೊಟ್ಟು ಚೆಲ್ಲಲಿಲ್ಲ. "ನಾಚ್ಕಬ್ಯಾಡಿ, ಉಣ್ಣಿ. ನಿಮ್ಮ ವಯಸ್ಸಿಗೆ ಇದೊಂದು ಊಟವಾ?" ಅಂತ ಒಬ್ಬೊಬ್ಬರ ಮುಂದೂ ನಿಂತು ಹೊಯ್ದರು. ಕಾರ್ಖಾನೆ ಹುಡುಗನೊಬ್ಬ ಕಣ್ಣೊರೆಸ್ಕೊಂಡು, "ಊರು ಬಿಟ್ಟ ಮೇಲೆ ಇನ್ನೊಸಿ ಹಾಕ್ಕ ಅಂದೋರು ಇವರೇ ಮೊದಲು" ಅಂದ. ಅವನ ತಟ್ಟೆಗೆ ಇನ್ನೊಂದು ಸೌಟು ಬಿತ್ತು. ಗಂಡ ಎದ್ದದ್ದು ನೋಡಿ ಹುಡುಗಿಯ ಅವ್ವ ಅನ್ನದ ತಪ್ಪಲೆ ಹಿಡಿದರು, ಚಿಕ್ಕಪ್ಪ ಹಪ್ಪಳದ ಬುಟ್ಟಿ ಹಿಡಿದರು. ಹುಡುಗಿ ಸೆರಗು ಸಿಕ್ಕಿಸಿ ಪಾಯಸದ ಬಕೆಟ್ ಎತ್ತಿಕೊಂಡು ನನ್ನ ಪಕ್ಕ ಹಾದು ಹೋಗ್ತಾ, "ನೀವು ಆ ಸಾಲು ನೋಡ್ಕಳಿ, ಈ ಸಾಲು ನನಗೆ ಬುಡಿ" ಅಂದಳು. ಜೀವನದಲ್ಲಿ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಆಗ ಗಾಜಿನ ಬಾಗಿಲು ತೆರೆದು ಮಾಲೀಕರು ಬಂದರು. ಮೂವತ್ತು ಪಾತ್ರೆಗಳ ಮುಂದೆ ಒಂದು ನರಪಿಳ್ಳೆ ಇಲ್ಲ. ಇನ್ನೂರು ಜನ ಸಾಲಾಗಿ ಕೂತವ್ರೆ. ಯಾರೋ ಪಂಚೆ ಎತ್ತಿ ಕಟ್ಟಿದ ಯಜಮಾನ ಅವರ ಹೋಟೆಲಲ್ಲಿ ಅವರದೇ ಸಾರು ಬಡಿಸ್ತಾವ್ರೆ.

"ಏನ್ರೀ ನಡೀತಿರೋದು ಇಲ್ಲಿ? ಯಾರ್ರೀ ಇವರೆಲ್ಲ?" ಅಂತ ನನ್ನ ಮೇಲೆ ಗುಡುಗಿದರು.

ಹೆಣ್ಣಿನಪ್ಪ ಸೌಟು ಬಕೆಟ್ಟಿನೊಳಗೆ ಬಿಟ್ಟು, ಮಾಲೀಕರ ಬೂಟಿನಿಂದ ತಲೆ ತನಕ ಒಂದು ಸಲ ನೋಡಿ ಕೈ ಮುಗಿದರು. "ನಾವು ಹೆಣ್ಣಿನ ಕಡೆಯೋರು ಸ್ವಾಮಿ."

ಆ ಮಾತು ಅಲ್ಲಿಯ ತನಕ ಅವರು ಯಾರಿಗೂ ಹೇಳಿರಲಿಲ್ಲ. ನನಗಿರಲಿ, ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಹುಡುಗಿ ಅಲ್ಲೇ ನಿಂತುಬಿಟ್ಟಳು. ಅವಳ ಸೌಟಿನ ಪಾಯಸ ಯಾರದೋ ಮೊಬೈಲ್ ಮೇಲೆ ಸುರೀತಿತ್ತು.

"ಹೆಣ್ಣಿನ ಕಡೆಯೋರಾ?" ಅಂದರು ಮಾಲೀಕರು, ಏನೂ ತಿಳೀದೆ.

"ಹೂಂ. ಮದುವೆ ಊಟ ಬಡಿಸೋದು ನಮ್ಮ ಪಾಲು. ನೀವು ಗಂಡಿನ ಕಡೆ ಹಿರೀಕರು, ಹಿಂಗ್ ನಿಂತ್ಕಂಡ್ರೆ ನಮ್ಗೆ ಕೆಟ್ಟೆಸ್ರು. ಕೂತ್ಕಳಿ, ಕೂತ್ಕಳಿ."

ಮಾಲೀಕರು ನನ್ನನ್ನ ನೋಡಿದರು, ಹುಡುಗಿಯನ್ನ ನೋಡಿದರು, ಇನ್ನೂರು ಜನರನ್ನೂ ನೋಡಿದರು. ಕೋಪ ಯಾವಾಗ ಇಳೀತೋ, ಮೆಲ್ಲಗೆ ಕುರ್ಚಿ ಎಳೆದು ಕೂತರು. ಮುಂದೆ ತಟ್ಟೆ ಬಂತು, ಮುದ್ದೆ ಬಂತು, ಸಾರು ಬಂತು. ಇನ್ನೊಂದು ಸೌಟು ಬರೋವಾಗ "ಸಾಕು, ಸಾಕು" ಅಂತ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರು.

ನನ್ನ ಮಾವ ನನ್ನ ಕಡೆ ತಿರುಗಿ ಅಂದರು, "ಅಳಿಯಂದ್ರೇ, ನೋಡ್ತಾ ನಿಂತ್ರಲ್ಲ! ನಿಮ್ಮ ಕಡೆಯೋರ ಕೈ ಒಸಿ ಗಟ್ಟಿಯಾಗಿ ಹಿಡ್ಕಳಿ, ಸಾರು ಬುಡ್ಬೇಕು."

ಮಾಲೀಕರ ಎರಡೂ ಕೈ ಹಿಡ್ಕೊಂಡೆ.