ಟಗರಿಗೆ ಬೇಕಾದ ಮಾತ್ರೆ

ಹೊಸದುರ್ಗದಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡವನಿಗೆ ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಂಡಸುತನದ 'ಆ' ಮಾತ್ರೆಯನ್ನು ಯಾರೂ ತಮಗೆ ಅಂತ ಕೇಳಿದ್ದೇ ಇಲ್ಲ. ಎಲ್ಲ ಸ್ನೇಹಿತರಿಗೇ. ತಾಳ್ಯದ ಕಡೆಯ ಕುರಿ ಯಜಮಾನರೊಬ್ಬರಿಗೆ ಸ್ನೇಹಿತರೂ ಇರಲಿಲ್ಲ.

ವಯಸ್ಸು

ಅಂಗಡಿ ಖಾಲಿಯಾಗೋವರೆಗೂ ಕೆಮ್ಮಿನ ಔಷಧಿ ನೋಡ್ತಾ ನಿಂತಿದ್ದು, ಆಮೇಲೆ ಮೆಲ್ಲಗೆ ಮಾತ್ರೆ ಕೇಳಿದರು.

"ನಂಗಲ್ಲಪ್ಪ, ನಮ್ಮ ಟಗರಿಗೆ."

ನಮ್ಮ ಕಡೆ ಕುರಿಗೆ ಜ್ವರ ಬಂದರೂ ಮನುಷ್ಯರ ಮಾತ್ರೆ ಅರೆದು ಬಿದಿರಿನ ಗೊಟ್ಟದಲ್ಲಿ ಕುಡಿಸ್ತಾರೆ. ಹಾಗಾಗಿ ನಂಬಿದೆ.

"ಟಗರಿಗೆ ವಯಸ್ಸೆಷ್ಟು?"

"ಅರವತ್ತೆರಡು."

ಡಾಕ್ಟರ ಚೀಟಿ ತನ್ನಿ ಅಂತ ಕಳಿಸಿದೆ.

ತೋಳ

ಚೀಟಿ ತಂದು ಮಾತ್ರೆ ಒಯ್ದವರು ವಾರದಲ್ಲೇ ಸಿಟ್ಟಾಗಿ ಬಂದರು.

"ಟಗರು ನುಂಗ್ತು, ಏನೂ ಆಗ್ಲಿಲ್ಲ."

"ಯಜಮಾನ್ರೆ, ಮನಸ್ಸಾದಾಗ ರಕ್ತನಾಳ ಸಡಿಲ ಮಾಡೋ ಪದಾರ್ಥ ಒಂದು ಮೈಯೊಳಗೆ ಹುಟ್ಟುತ್ತೆ. ಅದು ಬೇಗ ಕರಗಿ ಹೋಗದಂಗೆ ಈ ಮಾತ್ರೆ ತಡೀತೈತೆ, ರಕ್ತ ಚೆನ್ನಾಗಿ ಹರೀತೈತೆ. ಮನಸ್ಸೇ ಇಲ್ಲದಿದ್ರೆ ಮಾತ್ರೆಗೆ ಕೆಲಸ ಇಲ್ಲ. ಮಾರಿಕಣಿವೆ ಡ್ಯಾಮಲ್ಲಿ ನೀರಿಲ್ಲದೆ ತೂಬು ಎತ್ತಿದ್ರೆ ಕಾಲುವೆಗೆ ಏನು ಬರ್ತೈತೆ? ಆವತ್ತು ಮನಸ್ಸು ಎಲ್ಲಿತ್ತು?"

"ಕುರಿ ರೊಪ್ಪದ ಕಡೆ. ತೋಳ ಬಂದೈತೆ ಅಂತಿದ್ರು."

ಎರಡು ಚೀಟಿ

ಕೊನೇ ಸಲ ಅವರ ಕೈಲಿ ಇನ್ನೊಂದು ಚೀಟಿಯೂ ಇತ್ತು. ಚಿತ್ರದುರ್ಗದ ಹೃದಯದ ಡಾಕ್ಟರು ಬರೆದದ್ದು, ಎದೆನೋವು ಬಂದರೆ ನಾಲಿಗೆ ಕೆಳಗೆ ಇಡೋ ಮಾತ್ರೆ.

"ಇದು ನಂಗೆ, ಅದು ಟಗರಿಗೆ. ಎರಡೂ ಕೊಡು."

ಎರಡೂ ರಕ್ತನಾಳ ಸಡಿಲ ಮಾಡ್ತವೆ. ಒಂದೇ ಮೈಗೆ ಸೇರಿದರೆ ಬಿಪಿ ಪಾತಾಳಕ್ಕಿಳಿದು ಜೀವಕ್ಕೇ ಸಂಚಕಾರ. ಟಗರಿನ ಮಾತ್ರೆ ಕೊಡಲ್ಲ ಅಂದೆ.

"ತಿನ್ನೋರು ಬೇರೆ ಬೇರೆ ಅಲ್ವೇನಪ್ಪ!"

ಅಷ್ಟರಲ್ಲಿ ಸಂತೆ ಚೀಲ ಹಿಡಿದು ಅವರ ಹೆಂಡತಿ ಬಂದರು. "ಏನಪ್ಪ ಗಲಾಟೆ?"

ಯಜಮಾನರು ಕೆಮ್ಮಿನ ಔಷಧಿ ನೋಡತೊಡಗಿದರು. ಅವರ ಮಾನವೂ ಉಳೀಬೇಕು, ಜೀವವೂ ಉಳೀಬೇಕು.

"ಏನಿಲ್ಲಮ್ಮ, ನಿಮ್ಮ ಟಗರಿಗೆ ಹುರುಪಿನ ಮಾತ್ರೆ ಕೇಳ್ತಾವ್ರೆ. ಅದಕ್ಕೆ ಎದೆನೋವೈತಂತೆ. ಕೊಟ್ರೆ ಸತ್ತೇಹೋಗ್ತೈತೆ."

"ಟಗರೆಲ್ಲೈತೆ? ಉಗಾದಿಗೇ ಮಾರಿದ್ವಲ್ಲ."

ಆಮೇಲೆ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ಚೀಲ ಕೆಳಗಿಟ್ಟರು.

"ಕೊಡಬ್ಯಾಡ ಕಣಪ್ಪ. ಟಗರು ಬದುಕಿದ್ರೆ ಸಾಕು." ಗಂಡನ ಕಡೆ ತಿರುಗಿದರು. "ಕುರಿ ಏನಾರ ಬಂದು ದೂರು ಹೇಳ್ತಾ?"